ಹೇಳಬಾರದ ಕಾಯಿಲೆ

ಬಚ್ಚಲೊಲೆಯ ಕೆಂಡದ ಮೇಲೆ ಮಾತ್ರೆಯ ಪಟ್ಟಿ ಸುರುಟಿಕೊಂಡು ಕರಗುತ್ತಿತ್ತು. ಕೃತಿಕಾ ಬಾಗಿಲಲ್ಲೇ ನಿಂತುಬಿಟ್ಟಳು. ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ ಅತ್ತೆ ಕೃಷ್ಣಮ್ಮ ಸೌದೆಯ ತುದಿಯಿಂದ ಅದನ್ನು ಇನ್ನಷ್ಟು ಒಳಗೆ ತಳ್ಳಿ, ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ಸುಟ್ಟ ಪ್ಲಾಸ್ಟಿಕ್ಕಿನ ಕಮಟು ಬಚ್ಚಲಿನ ತುಂಬ ಹರಡಿತು.

"ಇವತ್ತಿಂದ ನಿಂಗೆ ಯಾವ ಕಾಯಿಲೆನೂ ಇಲ್ಲ," ಎಂದರು ಕೃಷ್ಣಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಅಡುಗೆಗೆ ಉಪ್ಪು ಸಾಕು ಎಂದಷ್ಟೇ ಸಲೀಸಾಗಿ ಹೇಳಿದರು. "ನಾಳೆ ಪೊಲೀಸ್ ಮೆಡಿಕಲ್ ಟೆಸ್ಟಲ್ಲಿ ಕೇಳಿದ್ರೆ ಹಂಗೇ ಹೇಳು. ತಲೆನೋವು ಸಹ ಬಂದಿಲ್ಲ ಅನ್ನು."

"ಅತ್ತೆ, ಅದನ್ನ ಒಂದೇ ಸಲ ನಿಲ್ಲಿಸಬಾರ್ದು ಅಂತ ಡಾಕ್ಟ್ರು ಎಷ್ಟು ಸಲ ಹೇಳಿದಾರೆ..."

"ಡಾಕ್ಟ್ರಿಗೇನು, ಹೇಳ್ತಾರೆ. ಈ ಊರಲ್ಲಿ ಬಾಳ್ವೆ ಮಾಡ್ಬೇಕಾದವ್ರು ನಾವು."

ಆ ಮಾತ್ರೆ ಇಲ್ಲದಿದ್ದರೆ ನಾಳೆಯ ಮೆಡಿಕಲ್ ಎಂಬುದೇ ಇರುತ್ತಿರಲಿಲ್ಲ ಎಂದು ಈ ಹೆಂಗಸಿಗೆ ಹೇಗೆ ತಿಳಿಸುವುದು?

ಗೋಣಿಬೀಡಿನ ಈ ಮನೆಗೆ ಅವಳು ಬಾಳೂರಿನಿಂದ ಸೊಸೆಯಾಗಿ ಬಂದಿದ್ದಳು. ಗಂಡ ನಂದನ್ ಒಂದು ಪಿಕಪ್ ಇಟ್ಟುಕೊಂಡು ತೋಟಗಳಿಂದ ಕಾಫಿ ಮೂಟೆ ಸಾಗಿಸುತ್ತಿದ್ದ. ಮಾವ ಸುಬ್ಬಣ್ಣ ತಮ್ಮ ತುಂಡು ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದ ಕೃತಿಕಾಳಿಗೆ ಪೊಲೀಸ್ ಆಗಬೇಕೆಂಬುದು ಹಳೆಯ ಆಸೆ. ಮದುವೆಯಾದ ಮೇಲೂ ಓದಿಕೋ ಎಂದು ನಂದನ್ ಪುಸ್ತಕ ತಂದುಕೊಟ್ಟಿದ್ದ. ಅಷ್ಟರಲ್ಲಿ ಹೊಟ್ಟೆಯಲ್ಲಿದ್ದ ಮಗು ನಿಲ್ಲದೆ ಹೋಯಿತು.

ಮೊದಲು ಎಲ್ಲರೂ ಅತ್ತರು. ಆಮೇಲೆ ಎಲ್ಲರೂ ಅಳು ನಿಲ್ಲಿಸಿದರು. ಕೃತಿಕಾಳಿಗೆ ಮಾತ್ರ ಅಳುವುದಕ್ಕೂ ಆಗಲಿಲ್ಲ, ನಿಲ್ಲಿಸುವುದಕ್ಕೂ ಆಗಲಿಲ್ಲ. ಬೆಳಿಗ್ಗೆ ಏಳಬೇಕೆಂದರೆ ಮೈಮೇಲೆ ಯಾರೋ ಮೂಟೆ ಹೇರಿದಂತೆ. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಅರ್ಧಕ್ಕೇ ಸೋತು ಇಳಿಯುತ್ತಿತ್ತು. ತೋಟವೆಲ್ಲ ಹೂ ಬಿಟ್ಟು ಘಮ್ಮೆಂದರೂ ಅವಳ ಮೂಗಿಗೆ ಏನೂ ಮುಟ್ಟಲಿಲ್ಲ. ಸೋಮಾರಿ ಎಂದರು, ಗಾಳಿ ಸೋಕಿದೆ ಎಂದರು, ತವರಲ್ಲಿ ಮುದ್ದು ಹೆಚ್ಚಾಯಿತು ಎಂದರು. ತಾನು ಇಲ್ಲದಿದ್ದರೆ ಎಲ್ಲರಿಗೂ ಹಗುರವಾದೀತು ಎಂದು ಅವಳು ಒಮ್ಮೆ ಬಾಯಿಬಿಟ್ಟಾಗ ನಂದನ್ ಬೆಚ್ಚಿಬಿದ್ದ. ಮರುದಿನವೇ ಪಿಕಪ್ಪಿನಲ್ಲಿ ಕೂರಿಸಿಕೊಂಡು ಚಿಕ್ಕಮಗಳೂರಿಗೆ ಕರೆದೊಯ್ದ. ಅಲ್ಲಿ ಸತ್ಯವತಿ ಎಂಬ ಮನೋವೈದ್ಯೆ ಅವಳ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದರು. ಕೊನೆಗೆ, "ಇದು ಖಿನ್ನತೆ. ನಿಮ್ಮ ತಪ್ಪಲ್ಲ. ವಾಸಿ ಆಗುತ್ತೆ," ಎಂದರು. ಆ ಮೂರು ಮಾತು ಕೇಳಿ ಕೃತಿಕಾ ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತಿದ್ದಳು... ಎಷ್ಟೋ ಕಾಲದ ಮೇಲೆ.

ಮಾತ್ರೆ ನಿಧಾನಕ್ಕೆ ಹಿಡಿಯಿತು. ಒಂದು ದಿನ ಹಸಿವಾಯಿತು. ಇನ್ನೊಂದು ದಿನ ನಗು ಬಂತು. ಆಮೇಲೆ ಹಳೇ ಶೂ ಹುಡುಕಿ ತೆಗೆದು ತೋಟದ ರಸ್ತೆಯಲ್ಲಿ ಓಡತೊಡಗಿದಳು. ಕಾಡಾನೆ ಯಾವ ಕಡೆ ಇದೆ ಎಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬರುವವರೆಗೆ ಕಾಯುವುದು, ದಾರಿ ಸುರಕ್ಷಿತವೆಂದು ಗೊತ್ತಾದೊಡನೆ ಓಡುವುದು. ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆಯಲ್ಲಿ ಗೆದ್ದಳು, ಓಟದಲ್ಲೂ ಗೆದ್ದಳು. ಥೈರಾಯ್ಡಿನ ಮಾತ್ರೆ ಎಂದು ನಂದನ್ ಹೇಳಿದ್ದನ್ನು ನಂಬಿದ್ದ ಕೃಷ್ಣಮ್ಮ, ಸೊಸೆ ಪೊಲೀಸ್ ಆಗುತ್ತಾಳೆಂದು ಊರೆಲ್ಲ ಹೇಳಿಕೊಂಡು ಬಂದರು. ಯಾರೋ ಚಿಕ್ಕಮಗಳೂರಿನ ಆಸ್ಪತ್ರೆಯ ಮನೋವೈದ್ಯರ ಕೋಣೆಯ ಮುಂದೆ ಅವಳನ್ನು ನೋಡಿ ಸುದ್ದಿ ಮುಟ್ಟಿಸುವವರೆಗೆ.

ಮಾತ್ರೆ ಸುಟ್ಟ ಆ ಬೆಳಿಗ್ಗೆಯೇ ಕೃಷ್ಣಮ್ಮನ ತಮ್ಮ ರುದ್ರೇಶ್ ಬಂದ. ಬೇರೆ ತಾಲೂಕಿನ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಅಕ್ಕನೇ ಫೋನು ಮಾಡಿ ಕರೆಸಿದ್ದರು. ಸುಬ್ಬಣ್ಣ, ನಂದನ್ ಜೊತೆ ತಿಂಡಿಗೆ ಕೂತು, ಕಡುಬಿನ ತಟ್ಟೆ ಮುಂದಿಟ್ಟುಕೊಂಡು ಅವನು ಪಾಠ ಶುರುಮಾಡಿದ.

"ನೋಡು ಕೃತಿಕಾ, ನಾನು ಇಲಾಖೆಲೇ ಕೂದಲು ನೆರೆಸಿದೋನು. ಮಾನಸಿಕ ಅನ್ನೋ ಪದ ಬಾಯಿಂದ ಬಂತೋ, ಮುಗೀತು. ಕಾಗದದಲ್ಲಿ ಏನೇ ಕೇಳ್ಲಿ, ಇಲ್ಲ ಇಲ್ಲ ಅಂತ ಬರೆದು ಬಾ. ಯಾರು ಬಂದು ನೋಡ್ತಾರೆ?"

"ಸುಳ್ಳು ಬರೆದು ಸಹಿ ಹಾಕ್ಲಾ, ರುದ್ರೇಶ್ ಮಾವ? ಪೊಲೀಸ್ ಕೆಲ್ಸಕ್ಕೆ ಸೇರೋಕೆ?"

"ಸುಳ್ಳಲ್ಲ ಮಾರಾಯ್ತಿ, ಜಾಣತನ. ನಮ್ಮಲ್ಲಿ ನಿದ್ದೆ ಬರದೋರು, ಕುಡಿಯೋರು ಎಷ್ಟು ಜನ ಇಲ್ಲ? ಯಾರಾದ್ರೂ ಹೇಳ್ಕೋತಾರಾ?"

"ಹೇಳ್ಕೊಳ್ಳದೆ ಏನಾದ್ರು ಅವರೆಲ್ಲ?"

ರುದ್ರೇಶ್ ಕಡುಬು ಮುರಿದು ಬಾಯಿಗಿಟ್ಟುಕೊಂಡ. ಕೃಷ್ಣಮ್ಮ ಚಟ್ನಿಯ ಪಾತ್ರೆಯನ್ನು ಕುಕ್ಕಿದರು. "ಎದುರು ಮಾತಾಡೋಕೆ ಮಾತ್ರ ಏನೂ ಸುಸ್ತಿಲ್ಲ ಇವಳಿಗೆ. ನಮ್ಮ ಮನೆತನದಲ್ಲಿ ಇಂಥದ್ದು ಯಾರಿಗೂ ಇರ್ಲಿಲ್ಲ. ನೀನೇ ತಂದಿದ್ದು."

ಕೃತಿಕಾಳ ಒಳಗೆ ಏನೋ ಸಿಡಿಯಿತು. ಇಷ್ಟು ದಿನ ನುಂಗಿದ್ದೆಲ್ಲ ಒಟ್ಟಿಗೆ ಮೇಲೆ ಬಂತು.

"ಅತ್ತೆ, ಮಾವನ ಕಾಲು ತೋಟದಲ್ಲಿ ಜಾರಿ ಮುರಿದಾಗ ರಾಡ್ ಹಾಕ್ಸಿದ್ರಿ. ಬಂದವರಿಗೆಲ್ಲ ಎಕ್ಸ್‌ರೇ ತೋರಿಸಿದ್ರಿ. ನಿಮ್ಮ ಬಿಪಿ ಮಾತ್ರೆ ಹಾಲ್‌ನಲ್ಲೇ ಇದೆ. ನನ್ನದನ್ನ ಮಾತ್ರ ಬೆಂಕಿಗೆ ಹಾಕಿದ್ರಿ. ನಾನೇನು ಕದ್ದಿದೀನಾ? ಯಾರಿಗಾದ್ರೂ ಮೋಸ ಮಾಡಿದೀನಾ? ಸಾಯ್ಬೇಕು ಅನ್ನಿಸ್ತಿತ್ತು ನಂಗೆ. ಈಗ ಅನ್ನಿಸ್ತಿಲ್ಲ. ಅದನ್ನ ನಾಚಿಕೆ ಅಂತೀರಲ್ಲ ನೀವು... ವಾಸಿ ಆಗಿದ್ದು ನಾಚಿಕೆನಾ?"

"ಮನೆತನ ಅಂದಮೇಲೆ—" ಎಂದು ರುದ್ರೇಶ್ ಬಾಯಿ ತೆರೆದ.

"ಸಾಕು."

ಹಾಗೆಂದವರು ಸುಬ್ಬಣ್ಣ. ಅವರ ದನಿ ಅಷ್ಟು ಗಟ್ಟಿಯಾಗಿ ಕೇಳಿ ಎಷ್ಟು ವರ್ಷವಾಗಿತ್ತೋ, ಎಲ್ಲರೂ ತಿರುಗಿದರು. ಅವರು ಗೋಡೆಯ ಮೇಲಿದ್ದ ಮಗಳ ಫೋಟೋ ನೋಡುತ್ತಿದ್ದರು. ನಂದನ್‌ನ ಅಕ್ಕ ದೀಪಶ್ರೀ. ತೋಟದಲ್ಲಿ ಹಾವು ಕಚ್ಚಿ ತೀರಿಕೊಂಡಳೆಂದು ಕೃತಿಕಾಳಿಗೆ ಮದುವೆಯ ಹೊಸತರಲ್ಲೇ ಹೇಳಿದ್ದರು.

"ನಮ್ಮ ಮನೆತನದಲ್ಲಿ ಯಾರಿಗೂ ಇರ್ಲಿಲ್ವಾ, ಕೃಷ್ಣಾ?" ಎಂದರು ಸುಬ್ಬಣ್ಣ. "ದೀಪಾ ಕೋಣೆಯಿಂದ ಆಚೆ ಬರದೆ ಎಷ್ಟು ತಿಂಗಳು ಮಲಗಿದ್ಲು? ಊಟ ಬಿಟ್ಟು ಹೆಂಗೆ ಕಡ್ಡಿ ಆಗಿದ್ಲು? ಅವಳನ್ನ ಹಾವು ಕಚ್ಚಲಿಲ್ಲ. ಅವಳೇ ಹೋದ್ಲು. ಹಾವು ಅಂತ ಊರಿಗೆಲ್ಲ ಹೇಳಿಸಿದ್ದು, ಠಾಣೆ ಕಾಗದದಲ್ಲೂ ಹಂಗೇ ಬರೆಸಿದ್ದು, ಈಗ ಇಲ್ಲಿ ಕೂತು ಬುದ್ಧಿ ಹೇಳ್ತಿರೋ ಈ ನಿನ್ನ ತಮ್ಮ."

ನಂದನ್ ಕೈಯಲ್ಲಿದ್ದ ಲೋಟ ಕೆಳಗಿಡುವುದನ್ನೇ ಮರೆತ. ಅಕ್ಕ ಸತ್ತಾಗ ಅವನು ಹಾಸನದ ಹಾಸ್ಟೆಲಿನಲ್ಲಿದ್ದ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಅಪ್ಪಾ... ನಂಗೂ ಹೇಳ್ಲಿಲ್ವಲ್ಲ ನೀವು," ಎಂದ. ಸಿಟ್ಟಿಗೂ ದುಃಖಕ್ಕೂ ನಡುವೆ ಅವನ ದನಿ ಒಡೆದುಹೋಯಿತು. "ಇಷ್ಟು ವರ್ಷ ನಾನು ಹಾವು ಕಂಡಾಗೆಲ್ಲ ಹೊಡೆದೆ. ನನ್ನಕ್ಕನ್ನ ಕೊಂದಿದ್ದು ಅದೇ ಅಂತ."

"ಹೇಳ್ಬೇಕಿತ್ತು, ಮಗಾ. ಸತ್ತವಳ ಮರ್ಯಾದೆ ಅಂದ್ರು, ಸುಮ್ನಾದೆ. ಇವತ್ತು ಈ ಹುಡುಗಿಗೂ ಸುಮ್ನಿರು ಅಂತಿದಾರೆ. ನನ್ನ ಕೈಲಿ ಇನ್ನೊಂದು ಸಲ ಆಗಲ್ಲ." ಸುಬ್ಬಣ್ಣ ಸೊಸೆಯ ಕಡೆ ತಿರುಗಿದರು. "ನೀನು ಇದ್ದಿದ್ದು ಇದ್ದ ಹಂಗೆ ಹೇಳು, ಕೃತಿ. ಕೆಲ್ಸ ಹೋದ್ರೆ ಹೋಗ್ಲಿ. ನೀನು ಇರು."

ಕೃಷ್ಣಮ್ಮ ಎದ್ದು ನಿಂತರು. ಮುಖ ಬೂದಿಯಾಗಿತ್ತು. ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ರುದ್ರೇಶ್ ಅರ್ಧ ಕಡುಬು ಬಿಟ್ಟು ಕೈ ತೊಳೆದು, ಬೈಕ್ ಹತ್ತಿ ಹೊರಟುಹೋದ.

ಸಂಜೆಯೇ ನಂದನ್ ಮೂಡಿಗೆರೆಗೆ ಹೋಗಿ ಅದೇ ಮಾತ್ರೆಯ ಹೊಸ ಪಟ್ಟಿ ತಂದ. ಮರುದಿನ ಮೆಡಿಕಲ್ ನಡೆಯುವ ಆಸ್ಪತ್ರೆಗೆ ಇಬ್ಬರೂ ಹೋದರು. ಕಣ್ಣು, ಕಿವಿ, ಎದೆ, ಹಲ್ಲು ಎಲ್ಲ ನೋಡಿಯಾದ ಮೇಲೆ ಒಬ್ಬ ಡಾಕ್ಟರು ತಲೆ ಎತ್ತದೆ ಕೇಳಿದರು, "ಯಾವುದಾದ್ರೂ ಚಿಕಿತ್ಸೆ, ಮಾತ್ರೆ?"

ಇಲ್ಲ ಎನ್ನುವುದು ಎಷ್ಟು ಸಣ್ಣ ಪದ. ಮುಂದಿದ್ದ ಹುಡುಗಿಯರೆಲ್ಲ ಅದನ್ನೇ ಹೇಳಿ ಹೋಗಿದ್ದರು.

"ಹೌದು ಸರ್. ಖಿನ್ನತೆಗೆ ಚಿಕಿತ್ಸೆ ತಗೊಳ್ತಿದೀನಿ. ಮಾತ್ರೆ ನಡೀತಾ ಇದೆ."

ಡಾಕ್ಟರು ಈಗ ತಲೆ ಎತ್ತಿದರು. ಪಕ್ಕದಲ್ಲಿ ಹೆಸರು ಕೂಗುತ್ತಿದ್ದ ನೌಕರನೊಬ್ಬ ತುಟಿ ಸೊಟ್ಟ ಮಾಡಿ, "ಬಂದೂಕು ಕೈಗೆ ಕೊಡೋ ಕೆಲ್ಸ ಮೇಡಂ ಇದು," ಎಂದ. ಸಾಲಿನಲ್ಲಿದ್ದವರು ಇಣುಕಿದರು. ಯಾರೋ ಕಿಸಕ್ಕೆಂದರು.

ಕೃತಿಕಾಳ ಕಿವಿ ಬಿಸಿಯಾಯಿತು. ಆದರೂ ಅವಳು ತಲೆ ತಗ್ಗಿಸಲಿಲ್ಲ. "ಅದಕ್ಕೇ ಹೇಳ್ತಿದೀನಿ. ಕಾಯಿಲೆ ಬಚ್ಚಿಟ್ಟು ಬಂದವರ ಕೈಗೆ ಕೊಡೋದು ವಾಸಿನಾ, ಔಷಧಿ ತಗೊಂಡು ನೆಟ್ಟಗೆ ನಿಂತವರ ಕೈಗೆ ಕೊಡೋದು ವಾಸಿನಾ? ಮಲಗಿದ್ದಲ್ಲಿಂದ ಏಳೋಕಾಗದೆ ಇದ್ದೋಳು ನಾನು ಸರ್. ನಿಮ್ಮ ಓಟದಲ್ಲಿ ಮೊದಲನೇ ಗುಂಪಿನಲ್ಲಿ ಬಂದಿದೀನಿ. ಎರಡೂ ನಾನೇ. ಎರಡನ್ನೂ ನೋಡಿ ತೀರ್ಮಾನ ಮಾಡಿ."

ಡಾಕ್ಟರು ನೌಕರನನ್ನು ಹೊರಗೆ ಕಳಿಸಿದರು. "ಈಗಲೇ ಫಿಟ್ ಅಂತಲೂ ಬರೆಯಕ್ಕಾಗಲ್ಲ, ಅನ್‌ಫಿಟ್ ಅಂತಲೂ ಬರೆಯಲ್ಲ. ಮನೋವೈದ್ಯರು ಪರೀಕ್ಷೆ ಮಾಡಿ ಅಭಿಪ್ರಾಯ ಕೊಡಲಿ," ಎಂದರು. ಕಾಗದ ಅವಳ ಕೈಗಿತ್ತು, "ಇಷ್ಟು ವರ್ಷದಲ್ಲಿ ಇದನ್ನ ಬಾಯಿಬಿಟ್ಟು ಹೇಳಿದವರನ್ನ ನಾನು ಕಂಡಿರಲಿಲ್ಲಮ್ಮ," ಎಂದರು.

ಅಲ್ಲಿಂದ ಶುರುವಾಯಿತು ಕಾಯುವ ಕಷ್ಟ. ಸುದ್ದಿ ಅವಳಿಗಿಂತ ಮೊದಲೇ ಗೋಣಿಬೀಡು ತಲುಪಿತ್ತು. ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ತೋಟದ ರಸ್ತೆಯಲ್ಲಿ ಓಡುತ್ತಿದ್ದರೆ, ಪಕ್ಕದ ಮನೆಯ ಅಂಜನಮ್ಮ ಮೊಮ್ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಮೊನ್ನೆ ತನಕ ಅದೇ ಮಕ್ಕಳಿಗೆ ಕೃತಿಕಾ ಪಾಠ ಹೇಳಿಕೊಡುತ್ತಿದ್ದಳು. ಆನೆಗೆ ಹೆದರದ ಊರು ಒಂದು ಮಾತ್ರೆಗೆ ಹೆದರುತ್ತದೆ ಎಂದು ಅವಳಿಗೆ ರೋಷ ಉಕ್ಕುತ್ತಿತ್ತು. ಕೆಲವು ಬೆಳಗು ಹಳೆಯ ಭಾರ ಮತ್ತೆ ಎದೆಯ ಮೇಲೆ ಕೂರಲು ಬರುತ್ತಿತ್ತು. ಆಗ ಸತ್ಯವತಿಯವರಿಗೆ ಫೋನು ಮಾಡುತ್ತಿದ್ದಳು. ಅದನ್ನೂ ಈಗ ಯಾರಿಂದಲೂ ಮರೆಮಾಡುತ್ತಿರಲಿಲ್ಲ, ಜಗುಲಿಯಲ್ಲೇ ಕೂತು ಮಾತಾಡುತ್ತಿದ್ದಳು. ಒಳಗಿದ್ದ ಕೃಷ್ಣಮ್ಮನಿಗೆ ಎಲ್ಲ ಕೇಳಿಸುತ್ತಿತ್ತು. ಆ ದಿನದಿಂದ ಅವರು ಸೊಸೆಯನ್ನು ಬೈಯಲಿಲ್ಲ, ಮಾತನ್ನೂ ಆಡಿಸಲಿಲ್ಲ. ಊಟಕ್ಕೆ ಬಡಿಸಿ ಎದ್ದುಹೋಗುತ್ತಿದ್ದರು.

ಮನೋವೈದ್ಯರ ಪರೀಕ್ಷೆಗೆ ಕರೆ ಬಂದ ದಿನ ಕೃತಿಕಾ ಹೋಗಿ, ಅಪರಿಚಿತ ವೈದ್ಯರ ಮುಂದೆ ತನ್ನ ಕತ್ತಲೆಯ ದಿನಗಳನ್ನೆಲ್ಲ ಇನ್ನೊಮ್ಮೆ ಬಿಚ್ಚಿಟ್ಟು ಬಂದಳು. ಕಳ್ಳತನ ಮಾಡಿ ಸಿಕ್ಕಿಬಿದ್ದವರಿಗೂ ಇಷ್ಟು ಪ್ರಶ್ನೆ ಕೇಳುತ್ತಾರೋ ಇಲ್ಲವೋ ಎಂದು ವಾಪಸು ಬರುವಾಗ ಪಿಕಪ್ಪಿನಲ್ಲಿ ಅತ್ತಳು. ನಂದನ್ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಅವಳು ಅತ್ತು ಮುಗಿಸುವವರೆಗೆ ಪಕ್ಕದಲ್ಲೇ ಕೂತ.

ಕಾಳುಮೆಣಸಿನ ಕೊಯ್ಲು ಮುಗಿಯುವ ಹೊತ್ತಿಗೆ ಫಲಿತಾಂಶ ಬಂತು. ಚಿಕಿತ್ಸೆಯಲ್ಲಿದ್ದಾರೆ, ಚೇತರಿಸಿಕೊಂಡಿದ್ದಾರೆ, ಕರ್ತವ್ಯಕ್ಕೆ ಅರ್ಹರು. ನಂದನ್ ಅದನ್ನು ಎರಡೆರಡು ಸಲ ಗಟ್ಟಿಯಾಗಿ ಓದಿದ. ಸುಬ್ಬಣ್ಣ ತಲೆಯ ಮೇಲಿನ ಟವೆಲ್ ತೆಗೆದು ಕಣ್ಣೊರೆಸಿಕೊಂಡು, "ಒಳ್ಳೇದಾಯ್ತು," ಎಂದಷ್ಟೇ ಹೇಳಿ ಅಂಗಳಕ್ಕೆ ಇಳಿದರು.

ಟ್ರೈನಿಂಗಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಕೃತಿಕಾ ಬಟ್ಟೆ ಮಡಚುತ್ತಿದ್ದಾಗ ಕೃಷ್ಣಮ್ಮ ಬಂದು ಬಾಗಿಲ ಬಳಿ ನಿಂತರು. ಆಮೇಲೆ ಮಂಚದ ತುದಿಯಲ್ಲಿ ಕೂತು ಕೇಳಿದರು:

"ನಿನ್ನ ಆ ಡಾಕ್ಟ್ರಮ್ಮ... ಚಿಕ್ಕಮಗಳೂರಿಗೆ ಬಂದು ಎಷ್ಟು ವರ್ಷ ಆಯ್ತು?"

ಕೃತಿಕಾಳ ಕೈ ನಿಂತಿತು. ಅತ್ತೆ ಏನು ಕೇಳುತ್ತಿದ್ದಾರೆಂದು ಅವಳಿಗೆ ತಿಳಿಯಿತು. ದೀಪಶ್ರೀ ಬದುಕಿದ್ದಾಗಲೇ ಸತ್ಯವತಿ ಅಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಗೊತ್ತಿಲ್ಲ ಎಂದುಬಿಡಬಹುದಿತ್ತು. ಈ ಮುದಿ ಜೀವಕ್ಕೆ ಅಷ್ಟು ಕರುಣೆ ತೋರಿಸಿದರೆ ಯಾರು ತಪ್ಪೆನ್ನುತ್ತಾರೆ? ಆದರೆ ಈ ಮನೆಯನ್ನು ಇಷ್ಟು ವರ್ಷ ತಿಂದದ್ದೂ ಅಂಥದೇ ಒಂದು ಕರುಣೆಯ ಸುಳ್ಳಲ್ಲವೇ...

"ದೀಪಕ್ಕ ಇದ್ದಾಗ್ಲೂ ಇದ್ರು, ಅತ್ತೆ," ಎಂದಳು ಮೆಲ್ಲಗೆ. "ನಿಮಗೆ ಗೊತ್ತಿರ್ಲಿಲ್ಲ."

"ನಂಗೆ ಗೊತ್ತಿತ್ತು."

ಕೃಷ್ಣಮ್ಮ ನೆಲ ನೋಡುತ್ತಲೇ ಹೇಳಿದರು. "ಅವಳೇ ಕೇಳಿದ್ಲು. ಅಮ್ಮ, ಚಿಕ್ಕಮಗಳೂರಲ್ಲಿ ಒಬ್ರು ಡಾಕ್ಟ್ರಿದಾರಂತೆ, ಒಂದ್ಸಲ ಕರ್ಕೊಂಡು ಹೋಗು ಅಂದ್ಲು. ಗಂಡು ನೋಡೋಕೆ ಬರೋರಿದ್ರು. ಹುಚ್ಚಿ ಅಂತ ಹೆಸರು ಬಂದ್ರೆ ಯಾರು ಮಾಡ್ಕೋತಾರೆ, ಬಾಯ್ಮುಚ್ಕೊಂಡು ಮಲಗು ಅಂದೆ. ಹೂಂ ಅಂದ್ಲು... ಆಮೇಲೆ ಏನೂ ಕೇಳ್ಲಿಲ್ಲ. ನಿಮ್ಮ ಮಾವನಿಗೂ ಇದು ಗೊತ್ತಿಲ್ಲ. ನೀನು ವಾಸಿ ಆದೆ ಅಂತ ಒಪ್ಕೊಂಡ್ರೆ, ಅವಳೂ ವಾಸಿ ಆಗ್ತಿದ್ಲು ಅಂತ ಆಗುತ್ತಲ್ಲ, ಕೃತಿ. ಅದಕ್ಕೇ ನಿನ್ನ ಮಾತ್ರೆ ಕಂಡ್ರೆ ನಂಗೆ ಆಗ್ತಿರ್ಲಿಲ್ಲ."

ಕೃತಿಕಾಳ ಎದೆಯಲ್ಲಿ ಸಿಟ್ಟು ಇನ್ನೂ ಇತ್ತು. ಅದು ಒಂದೇ ದಿನಕ್ಕೆ ಆರುವ ಸಿಟ್ಟಲ್ಲ. ನಿಮ್ಮ ತಪ್ಪಿಲ್ಲ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಆದರೆ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅತ್ತೆಯ ಹತ್ತಿರ ಕೂತು, ಕಾಫಿ ಕೊಯ್ದು ಕೊಯ್ದು ಒರಟಾಗಿದ್ದ ಆ ಕೈಯನ್ನು ಹಿಡಿದುಕೊಂಡಳು. "ಇದನ್ನ ಮಾವನಿಗೂ ಹೇಳಿ, ಅತ್ತೆ," ಎಂದಳು. "ಒಬ್ರೇ ಹೊತ್ಕೊಂಡಿದ್ರೆ ನಿಮ್ಮನ್ನೂ ತಿನ್ನುತ್ತೆ ಅದು."

ಕೃಷ್ಣಮ್ಮ ತಲೆಯಾಡಿಸಲು ಹೋದರು. ಆಗಲಿಲ್ಲ. ಮಗಳ ಹೆಣದ ಮುಂದೆಯೂ ಊರು ಕೇಳೀತೆಂದು ಅದುಮಿಟ್ಟಿದ್ದ ಅಳು ಈಗ ಮನೆಯೆಲ್ಲ ಕೇಳುವಂತೆ ಹೊರಗೆ ಬಂತು.

ಅಂಗಳದಲ್ಲಿ ಮೆಣಸು ಹರವುತ್ತಿದ್ದ ಸುಬ್ಬಣ್ಣ ಕೈ ನಿಲ್ಲಿಸಿ ಮನೆಯ ಕಡೆ ನೋಡಿದರು. ಎರಡು ಹೆಜ್ಜೆ ಬಂದರು. ಮತ್ತೆ ಏನೆಂದುಕೊಂಡರೋ, ಅಳಲಿ ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಕೊಂಡರು.