ಕಾವಲಿನ ಕಣ್ಣು

ದಶಮಿಯ ಬೆಳಿಗ್ಗೆ ಯಂತ್ರ ಏಳಲಿಲ್ಲ. ಏಕೆ ಏಳಲಿಲ್ಲ ಎಂಬುದನ್ನು ಮಾತ್ರ ಪರದೆಯ ಮೇಲೆ ಅಚ್ಚುಕಟ್ಟಾಗಿ ಬರೆದಿಟ್ಟಿತ್ತು: ‘ಫರ್ಮ್‌ವೇರ್ ಬದಲಾಗಿದೆ. ಬದಲಾವಣೆ ನಂಬಲು ಯೋಗ್ಯವಲ್ಲ. ಶಂಕಿತ ವ್ಯಕ್ತಿ: ಮೌಲಾಸಾಬ ನದಾಫ.’

ಹೀಗೆ ಬೊಟ್ಟು ಮಾಡಿ ತೋರಿಸಿದ್ದು ಕಂಪ್ಯೂಟರಿನೊಳಗೆ ಕೂತಿದ್ದ ‘ಕಾವಲು’ ಎಂಬ ಚಿಪ್. ಫರ್ಮ್‌ವೇರ್ ಎಂದರೆ ಯಂತ್ರ ಆನ್ ಆದ ಕೂಡಲೇ ಎಲ್ಲಕ್ಕಿಂತ ಮೊದಲು ಏಳುವ ಆಜ್ಞೆಗಳ ಗುಂಪು. ಯಂತ್ರಕ್ಕೆ ಅದರ ಕೈಕಾಲು ಎಲ್ಲಿವೆ ಎಂದು ಹೇಳಿಕೊಡುವುದು ಅದೇ. ಹಿಂದಿನ ಕಾಲದಲ್ಲಿ ಫರ್ಮ್‌ವೇರಿನ ಅಪ್‌ಡೇಟ್ ಕೆಟ್ಟರೆ ಕಂಪ್ಯೂಟರ್ ಕಪ್ಪು ಪರದೆ ತೋರಿಸಿ ಸುಮ್ಮನಾಗುತ್ತಿತ್ತು, ಜನ ಬೈದುಕೊಂಡು ಮತ್ತೆ ಆನ್ ಮಾಡುತ್ತಿದ್ದರು. ಡಾಕ್ಟರ್ ಇಂದುಮತಿ ಕೊಣ್ಣೂರ ಕಂಡುಹಿಡಿದ ಕಾವಲು ಸುಮ್ಮನಾಗುತ್ತಿರಲಿಲ್ಲ. ಯಂತ್ರ ಆನ್ ಆಗುವಾಗಲೆಲ್ಲ ಒಂದೊಂದನ್ನೂ ತಡವಿ ನೋಡಿ, ಅನುಮಾನ ಬಂದರೆ ಬಾಗಿಲು ಹಾಕಿಕೊಂಡು ಯಾರ ಮೇಲೆ ಅನುಮಾನವೋ ಅವರ ಹೆಸರು ಹೇಳುತ್ತಿತ್ತು. ಬ್ಯಾಂಕುಗಳಲ್ಲಿ, ಅಣೆಕಟ್ಟುಗಳಲ್ಲಿ ಎಷ್ಟೋ ಕಳ್ಳರನ್ನು ಹಿಡಿದುಕೊಟ್ಟಿತ್ತು. ಅದು ಹೆಸರು ಹೇಳಿದ ಮೇಲೆ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ.

ಮುದ್ದೇನಕೊಪ್ಪದ ಕುಡಿಯುವ ನೀರಿನ ಕೇಂದ್ರದಲ್ಲಿ ಪಂಪು, ವಾಲ್ವು ಎಲ್ಲ ನಡೆಯುವುದು ಆ ಕಂಪ್ಯೂಟರಿನಿಂದಲೇ. ಊರಿನ ನೀರಿನ ಟ್ಯಾಂಕಿನಲ್ಲಿ ಸಂಜೆಯವರೆಗೆ ಸಾಕಾಗುವಷ್ಟೇ ನೀರಿತ್ತು. ಇಂದುಮತಿ ಧಾರವಾಡದಿಂದ ಕಾರಿನಲ್ಲಿ ಬಂದಿಳಿದಾಗ ಕೇಂದ್ರದ ಅಧಿಕಾರಿ ವೀರಭದ್ರಪ್ಪ ಕಳಸದ ಅವರು ಹಬ್ಬದ ಹೊಸ ಅಂಗಿಯಲ್ಲೇ ಬಾಗಿಲಲ್ಲಿ ನಿಂತಿದ್ದರು. ಜೇಬಿನಿಂದ ಬನ್ನಿ ಸೊಪ್ಪು ಇಣುಕುತ್ತಿತ್ತು. ಒಳಗೆ ಗೋಡೆಗೆ ಒತ್ತಿಕೊಂಡು ಕೇಂದ್ರದ ಪಾಳಿ ಕೆಲಸಗಾರ ಮೌಲಾಸಾಬ ನಿಂತಿದ್ದ.

“ನಿನ್ನಿ ಆಯುಧಪೂಜಿ ಮುಗಿಸಿ ಎಲ್ಲಾರೂ ಮನಿಗೆ ಹೋದ್ವಿರಿ ಮೇಡಂ. ಆವಾಗಿನಿಂದ ಇಲ್ಲಿ ಇವನೊಬ್ಬನ ಇದ್ದಾಂವ. ಸಂಜಿಗೆ ಪೊಲೀಸರು ಬರ್ತಾರ. ಕಂಪ್ಲೇಂಟ್ ಕೊಡ್ಲೋ ಬ್ಯಾಡೋ, ಅಷ್ಟು ಹೇಳ್ರಿ ಸಾಕು,” ಎಂದರು ಕಳಸದ.

“ನಾ ಏನೂ ಮುಟ್ಟಿಲ್ರಿ ಸಾಹೇಬ್ರ,” ಎಂದ ಮೌಲಾಸಾಬ. ಬೆಳಗಿನಿಂದ ಅವನು ಹೇಳುತ್ತಿದ್ದದ್ದು ಅದೊಂದೇ ಮಾತು.

ಹಬ್ಬದ ದಿನ ಆತ ಒಬ್ಬನೇ ಇರುವುದು ಹೊಸದೇನಲ್ಲ. ದಸರೆ ದೀಪಾವಳಿಗೆ ಎಲ್ಲರ ಪಾಳಿ ಆತ ಮಾಡುವುದು, ರಂಜಾನ್ ಬಕ್ರೀದಿಗೆ ಆತನ ಪಾಳಿ ಉಳಿದವರು ಮಾಡುವುದು, ಬಾಯಿಮಾತಿನಲ್ಲೇ ನಡೆದುಬಂದ ಪದ್ಧತಿ. ಈ ಸಲ ಅದೇ ಅವನ ಕೊರಳಿಗೆ ಬಂದಿತ್ತು.

ಇಂದುಮತಿ ಕೆಲಸಕ್ಕೆ ಕೂತರು. ಕರೆಂಟು ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಟ್ಟರು. ಅದೇ ಹೆಸರು. ಮೆಮೊರಿ ಬಿಚ್ಚಿ, ಒರೆಸಿ, ಕೂಡಿಸಿದರು. ಅದೇ ಹೆಸರು. ಹಿಂದಿನ ಸಂಜೆ ತಾನಾಗಿಯೇ ಬಂದ ಅಪ್‌ಡೇಟೇ ಕೆಟ್ಟಿರಬಹುದೆಂದು ಅದನ್ನು ತೆಗೆದುಹಾಕಿ ಹಳೆಯ ಫರ್ಮ್‌ವೇರ್ ತುಂಬಿದರು. ಇಷ್ಟು ದಿನ ತಕರಾರಿಲ್ಲದೆ ನಡೆದಿದ್ದ ಅದರಿಂದಲೂ ಯಂತ್ರ ಏಳಲಿಲ್ಲ. ಹಾಗಾದರೆ ತಪ್ಪು ಅಪ್‌ಡೇಟಿನದಲ್ಲ. ಮತ್ತೆ ಯಾರದು? ತಮಗೇ ಗೊತ್ತಿಲ್ಲದಂತೆ ಅವರ ಕಣ್ಣು ಗೋಡೆಯ ಕಡೆ ಹೊರಳಿತು. ಈತ ಇಷ್ಟು ಬೆವರುವುದೇಕೆ? ಚೀಲವನ್ನು ಬೆನ್ನ ಹಿಂದೆ ಇಟ್ಟುಕೊಂಡದ್ದೇಕೆ?

ಆ ನೋಟ ಕಳಸದರಿಗೆ ಅರ್ಥವಾಯಿತು. “ಏ ಮೌಲಾ, ಚೀಲ ಬಿಚ್ಚಿ ತೋರ್ಸು.”

ಮೌಲಾಸಾಬ ಬಿಚ್ಚಿ ತೋರಿಸಿದ. ಒಂದು ಟವೆಲ್ಲು, ಬುತ್ತಿಯ ಡಬ್ಬಿ. ಡಬ್ಬಿಯಲ್ಲಿ ಕಳಸದರ ಮನೆಯಿಂದಲೇ ಕಳಿಸಿದ್ದ ಹೋಳಿಗೆ, ಒಂದು ತುಂಡು ಮುರಿದದ್ದು. ಇಂದುಮತಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಅನುಮಾನ ಪೂರ್ತಿ ಹೋಗಲಿಲ್ಲ.

ಇನ್ನು ಉಳಿದದ್ದು ಕಾವಲನ್ನೇ ಕಾರಣ ಕೇಳುವುದು. ತಮ್ಮ ಲ್ಯಾಪ್‌ಟಾಪಿನ ವೈರು ಜೋಡಿಸಿ ಅದು ಕಂಡದ್ದನ್ನೆಲ್ಲ ತೆರೆದರು. ಎದುರಿಗೆ ಬಂದವರನ್ನು ನೋಡಲು ಕಾವಲಿಗೊಂದು ಕಣ್ಣಿತ್ತು, ಪೆಟ್ಟಿಗೆಯ ಮುಂಭಾಗದಲ್ಲಿ ಸಾಸಿವೆ ಕಾಳಿನಷ್ಟು ಗಾಜು. ನಿನ್ನೆ ಪೂಜೆಯ ಹೊತ್ತಿನಿಂದ ಆ ಕಣ್ಣಿಗೆ ಬರೀ ಕತ್ತಲು. ಅಪ್‌ಡೇಟ್ ಮುಗಿದು ಬೆಳಿಗ್ಗೆ ಯಂತ್ರ ಮತ್ತೆ ಆನ್ ಆಗುವಾಗ ಕಾವಲು ತಡವಿ ನೋಡಿತ್ತು: ಕಣ್ಣು ಮುಚ್ಚಿದೆ, ಫರ್ಮ್‌ವೇರ್ ಬದಲಾಗಿದೆ. ಕಣ್ಣು ಮುಚ್ಚಿಸಿ ಬದಲಾಯಿಸುವವರು ಕಳ್ಳರು. ಆ ಹೊತ್ತಿಗೆ ಕೇಂದ್ರದಲ್ಲಿ ದಾಖಲಾಗಿದ್ದದ್ದು ಒಂದೇ ಹಾಜರಿ ಕಾರ್ಡು, ಮೌಲಾಸಾಬನದು.

ಇಂದುಮತಿ ತಲೆಯೆತ್ತಿ ಪೆಟ್ಟಿಗೆ ನೋಡಿದರು. ಮೂರೆಳೆ ವಿಭೂತಿ, ನಡುವೆ ದಪ್ಪನೆಯ ಕುಂಕುಮದ ಬೊಟ್ಟು. ಪಂಪಿಗೆ, ಫ್ಯಾನಿಗೆ, ಕುರ್ಚಿಗೆ, ಹೊರಗಿನ ಬೈಕಿಗೆ ಇದ್ದಂತೆಯೇ. ಬಂದಾಗಿನಿಂದ ಅದು ಕಣ್ಣೆದುರೇ ಇತ್ತು. ಆಯುಧಪೂಜೆಯ ಮರುದಿನ ಕುಂಕುಮವನ್ನು ಯಾರು ಗಮನಿಸುತ್ತಾರೆ?

“ಇದನ್ನ ಯಾರು ಹಚ್ಚಿದ್ರಿ?”

“ನಾನ ಹಚ್ಚೀನ್ರಿ,” ಎಂದರು ಕಳಸದ. “ಹೊಸಾ ಮಷೀನಿಗೆ ಮೊದಲನೇ ಪೂಜಿ ಅಂತ ಒಂದೀಟು ದಪ್ಪನ ಹಚ್ಚೀನಿ. ಯಾಕ್ರಿ?”

ಇಂದುಮತಿ ಕರವಸ್ತ್ರದ ತುದಿ ಒದ್ದೆ ಮಾಡಿ ಬೊಟ್ಟನ್ನು ಒರೆಸಿದರು. ಗಾಜು ಮಿನುಗಿತು. ಈ ಸಲ ಆನ್ ಮಾಡಿದಾಗ ಯಂತ್ರ ಎದ್ದಿತು; ಸ್ವಲ್ಪ ಹೊತ್ತಿಗೆ ಆಚೆ ಕೋಣೆಯಲ್ಲಿ ಪಂಪು ಗುಂಯ್ ಎಂದಿತು.

ಕಳಸದರ ಮುಖ ಇಷ್ಟಾಯಿತು. “ಇಡೀ ಖೋಲಿ ದಿನಾ ಒರಸ್ತೀಯಲ್ಲೋ, ಇದನ್ನ ಯಾಕ ಬಿಟ್ಟಿ?” ಎಂದು ಮೌಲಾಸಾಬನ ಮೇಲೆಯೇ ಹಾಕಿದರು.

“ಪೂಜಿ ಕುಂಕಮ ನಾ ಹ್ಯಾಂಗ ಒರಸ್ಲಿರಿ ಸಾಹೇಬ್ರ? ಯಾರರ ನೋಡಿದ್ರ ಏನಂತಾರ?”

ಕಳಸದ ಅವರು ಜೇಬಿಗೆ ಕೈ ಹಾಕಿ ಬನ್ನಿ ಎಲೆ ತೆಗೆದರು. “ತಗೋ ಮೌಲಾ. ಆದದ್ದಾತು. ಬಂಗಾರದಂಗ ಇರೂಣು.”

ಮೌಲಾಸಾಬ ಪ್ರತಿ ವರ್ಷದಂತೆ ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಆಮೇಲೆ ಇಂದುಮತಿಯ ಕಡೆ ತಿರುಗಿದ. “ಮೇಡಂ, ಅದರಾಗಿನ ನನ್ನ ಹೆಸರು ಅಳಸಾಕ ಬರತೈತೇನ್ರಿ?”

ಬರುವುದಿಲ್ಲ. ಕಾವಲು ಒಮ್ಮೆ ಬರೆದದ್ದನ್ನು ಅದನ್ನು ಮಾಡಿದವರಿಂದಲೂ ಅಳಿಸಲಾಗದು. ಅಳಿಸುವಂತಿದ್ದರೆ ಕಳ್ಳರೂ ಅಳಿಸುತ್ತಿದ್ದರು. ಎಷ್ಟೋ ಸಭೆಗಳಲ್ಲಿ ಇಂದುಮತಿ ಇದನ್ನು ಹೆಮ್ಮೆಯಿಂದ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು.

“ಕೆಳಗ ‘ಅನುಮಾನ ತಪ್ಪು’ ಅಂತ ಒಂದು ಸಾಲು ಸೇರಿಸಬಹುದು,” ಎಂದರು ಮೆಲ್ಲಗೆ.

“ಹೆಸರು ಮ್ಯಾಲೇ ಇರತೈತೆಲ್ರಿ,” ಎಂದ ಆತ.

ಧಾರವಾಡದ ದಾರಿಯುದ್ದಕ್ಕೂ ಇಂದುಮತಿಗೆ ಒಂದೇ ಯೋಚನೆ. ಕಣ್ಣು ಮುಚ್ಚಿದ್ದಾಗ ಯಾರ ಹೆಸರನ್ನೂ ಹೇಳದೆ ‘ಗೊತ್ತಿಲ್ಲ’ ಎನ್ನುವಂತೆ ಕಾವಲನ್ನು ತಿದ್ದಬಹುದು, ಆಮೇಲೆ ತಿದ್ದಿಯೂ ಬಿಟ್ಟರು. ಆದರೆ ಪರದೆಯ ಮೇಲೆ ಅಂದು ಕಳಸದರ ಹೆಸರು ಬಂದಿದ್ದರೆ ತಾವು ಮೊದಲು ಏನನ್ನು ಪರೀಕ್ಷಿಸುತ್ತಿದ್ದರು? ಕಾವಲನ್ನೇ. ಅವರ ಚೀಲವನ್ನು ಯಾರೂ ಬಿಚ್ಚಿಸುತ್ತಿರಲಿಲ್ಲ. ಇದನ್ನು ಚಿಪ್ ಕಲಿಸಿದ್ದಲ್ಲ, ಅದು ಹುಟ್ಟುವ ಎಷ್ಟೋ ಮೊದಲೇ ನಮ್ಮೊಳಗೆ ಕೂತದ್ದು. ಅದಕ್ಕೊಂದು ಅಪ್‌ಡೇಟ್ ಬರೆಯಲು ಅವರಿಗೆ ಬರುತ್ತಿರಲಿಲ್ಲ.

ಮುಂದಿನ ದಸರೆ ಬಂತು. ಮಹಾನವಮಿಯ ಮುಂಚಿನ ದಿನ ಕಳಸದ ಎಂದಿನಂತೆ ಹೇಳಿದರು, “ಮೌಲಾ, ನಾಳೆ ಪಾಳಿ ನೋಡ್ಕೊತೀಯಲ್ಲ?”

“ಹೂಂ ರಿ,” ಎಂದ ಮೌಲಾಸಾಬ. ಬಾಗಿಲವರೆಗೆ ಹೋದವನು ತಿರುಗಿ ನಿಂತ. “ನನ್ನ ಜೋಡಿ ಇನ್ನೊಬ್ರು ಯಾರರ ಇರ್ಲಿ ಸಾಹೇಬ್ರ. ನಿಮ್ಮವ್ರ ಪೈಕಿ. ನಾಳೆ ಏನರ ಆದ್ರ ಸಾಕ್ಷಿ ಹೇಳಾಕ.”