ಓ'ಗ್ರೇಡಿ ಗೋತ್ರ

ಇದು ಈ ಪರದೇಶದ ಕಾಪೆಲ್ ಊರಿನ ನಮ್ಮ ಮನೆಯಲ್ಲೇ, ಹಾಡಹಗಲೇ ನಡೆದದ್ದು. ಮಗಳು ಹರ್ಷಿಣಿ ಮದುವೆಯಾದದ್ದು ಐರಿಶ್ ಮೂಲದ ಬ್ರೆಂಡನ್ ಓ'ಗ್ರೇಡಿಯನ್ನು. ಅವಳ ಸೀಮಂತದ ಹಿಂದಿನ ದಿನ ಬೀಗರು ಊಟಕ್ಕೆ ಕೂತಾಗ ತಮ್ಮ ಮನೆತನದ ಹೆಸರಿನ ಕಥೆ ತೆಗೆದರು. 'ಓ' ಅಂದರೆ ಇಂಥವರ ವಂಶದವರು ಅಂತ. ಆ ವಂಶದಲ್ಲಿ ಸಾವು ಬರುವ ಮುಂಚೆ ಹೊರಗೆ ಯಾರೋ ಹೆಂಗಸು ಅಳುತ್ತಾಳಂತೆ. ಮನೆಯಲ್ಲಿದ್ದವರಿಗೆಲ್ಲ ಕೇಳಿಸುತ್ತದೆ, ಸಾಯುವವರಿಗೆ ಮಾತ್ರ ಕೇಳಿಸುವುದಿಲ್ಲ. ಸೊಸೆಯಂದಿರು ಹೆದರಬೇಕಿಲ್ಲ, ಅವಳು ಅಳುವುದು ವಂಶದವರಿಗಷ್ಟೇ ಎಂದು ನಕ್ಕರು. ನನಗೇಕೋ ಆ ನಗು ಹಿಡಿಸಲಿಲ್ಲ.

ಮರುದಿನ ಸಂಕಲ್ಪದ ಹೊತ್ತಿಗೆ ಪುರೋಹಿತರು ಗೋತ್ರ ಕೇಳಿದರು. ಅಳಿಯನಿಗೆ ಎಲ್ಲಿಯ ಗೋತ್ರ? ವಂಶದ ಹೆಸರು ತಾನೇ ಅಂದುಕೊಂಡು ನಾನೇ “ಓ'ಗ್ರೇಡಿ” ಅಂದುಬಿಟ್ಟೆ. ಅವರು ಹರ್ಷಿಣಿಯನ್ನೂ ಅದೇ ಗೋತ್ರಕ್ಕೆ ಸೇರಿಸಿ ಮಂತ್ರ ಹೇಳಿ ನೀರು ಬಿಡಿಸಿದರು.

ಆಗ ಹಿತ್ತಲಿಂದ ಅಳು ಶುರುವಾಯಿತು. ಇಲ್ಲಿನ ಆಗಸ್ಟ್ ಬಿಸಿಲಲ್ಲೂ ಗಾಜಿನ ಬಾಗಿಲು ಮುಟ್ಟಿದರೆ ಐಸಿನಂತೆ ಕೊರೆಯುತ್ತಿತ್ತು. ಹೊರಗೆ ಯಾರೂ ಇರಲಿಲ್ಲ. ಬೀಗರದೇ ಚೇಷ್ಟೆಯಿರಬೇಕೆಂದು ಅವರ ಫೋನ್ ಕಡೆ ನೋಡಿದೆ. ಅದು ಆಫ್ ಆಗಿ ಮೇಜಿನ ಮೇಲಿತ್ತು. ಅವರ ಮುಖ ಬಿಳಿಚಿಕೊಂಡಿತ್ತು. ಒಬ್ಬೊಬ್ಬರನ್ನೂ ಕೇಳಿದೆ. ಬ್ರೆಂಡನ್‌ಗೆ ಕೇಳಿಸುತ್ತಿತ್ತು, ನಮ್ಮ ಯಜಮಾನರಿಗೂ ಕೇಳಿಸುತ್ತಿತ್ತು, ಪುರೋಹಿತರು ಮಂತ್ರ ನಿಲ್ಲಿಸಿ ಕಿವಿಗೊಟ್ಟಿದ್ದರು.

“ನಿನಗೆ?” ಅಂದೆ.

ಹರ್ಷಿಣಿ ನಮ್ಮೆಲ್ಲರ ಮುಖ ನೋಡಿದಳು. “ಕೇಳಿಸ್ತಮ್ಮ. ಈಗ ನಿಂತುಹೋಯ್ತಲ್ಲ,” ಅಂದಳು.

ಅಳು ಇನ್ನೂ ನಿಂತಿರಲಿಲ್ಲ.