ಬೆಳ್ಳಿ ಸುಡುತ್ತದೆ

ಕತ್ತಿಯ ಮೊನೆ ನನ್ನ ಗಂಟಲಿಗೆ ಒತ್ತಿತ್ತು.

ನಾನು ಕತ್ತಿ ನೋಡಲಿಲ್ಲ. ಕತ್ತಿ ಹಿಡಿದ ಬೆರಳು ನೋಡಿದೆ. ಮೂರು ಬೆರಳು ಕಪ್ಪು... ಮಸಿಯಲ್ಲಿ ಅದ್ದಿ ತೆಗೆದ ಹಾಗೆ!

"ಬೆರಳಿಗೆ ಎಂತ ಆಯ್ತು, ಮುದ್ದಣ್ಣ?"

"ಗೇರುಬೀಜ ಸುಟ್ಟದ್ದು. ಎಣ್ಣೆ ತಾಗಿತು. ನೀನು ಹೊರಗೆ ನಡೆ, ಪಂಕಜಾಕ್ಷಿ."

ಸುಳ್ಳು. ಗೇರು ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಬೀಜ ಒಡೆದವಳು ನಾನು. ಆ ಎಣ್ಣೆ ತಾಗಿದರೆ ಚರ್ಮ ಸುಟ್ಟು ಸಿಪ್ಪೆ ಏಳುತ್ತದೆ. ಇವನ ಚರ್ಮ ನುಣ್ಣಗಿತ್ತು.

ಕಳ್ಳ ಸಿಕ್ಕಿದ.

ಈಗ ನನ್ನ ಕೆಲಸ ಬೇರೆ. ಕಳೆದುಹೋದದ್ದನ್ನು ಹುಡುಕಿ ತರುವುದು. ಸ್ಟೇಷನ್ ಮೆಟ್ಟಿಲು ಹತ್ತಲು ಮನಸ್ಸಿಲ್ಲದವರು ನನಗೆ ಫೋನ್ ಮಾಡುತ್ತಾರೆ. ಅಂದು ಬೆಳಗ್ಗೆ ಮಾಡಿದವಳು ಮೀಂಜದ ಶ್ರೀರಂಜಿನಿ. ಕಾಲೇಜಿನ ರಿಸರ್ಚ್ ಹುಡುಗಿ. ಕೇಪಳ ಹೂವಿನ ಗಿಡದ ಎಲೆ ಕುದಿಸಿ, ಸೋಸಿ, ಬೆಳ್ಳಿಯ ಉಪ್ಪು ಕರಗಿಸಿದ ನೀರಿಗೆ ಹಾಕಿ ಬಿಸಿಲಿಗಿಡುತ್ತಾಳೆ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ಹುಟ್ಟಿದವು ಎಂದು ಲೆಕ್ಕವಂತೆ. ಕೀವಿನ ಕ್ರಿಮಿಯನ್ನು ಅವು ಕೊಲ್ಲುತ್ತವೆ. ಗಾಜಿನ ತಟ್ಟೆಯಲ್ಲಿ ಮಾತ್ರ! ಮನುಷ್ಯರ ಮೈಗೆ ಇನ್ನೂ ಹಚ್ಚಿ ನೋಡಿಲ್ಲ.

ಮಂಗಲ್ಪಾಡಿಯಲ್ಲಿ ನಾಟಿಮದ್ದಿನ ಅಂಗಡಿ ಇಟ್ಟ ಈ ಮುದ್ದಣ್ಣ ಹಿಂದಿನ ದಿನ ಅದನ್ನು ಕೇಳಲು ಹೋಗಿದ್ದ. ಕೊಡುವುದಿಲ್ಲ ಎಂದು ಕಳಿಸಿದ್ದಳು. ಬೆಳಗ್ಗೆ ನೋಡಿದರೆ ಒಂದು ಬಾಟಲಿ ಇಲ್ಲ.

ಮುಟ್ಠಾಳ ಕದ್ದದ್ದೂ ತಪ್ಪು ಬಾಟಲಿ! ಕಂದು ನೀರು ಹಳಸಿದ ಚಹಾದ ಹಾಗೆ ಕಂಡಿರಬೇಕು. ಅದನ್ನು ಬಿಟ್ಟು, ಫಾಯಿಲ್ ಸುತ್ತಿದ, ತಿಳಿಯಾದ ನೀರಿನದ್ದನ್ನು ಎತ್ತಿದ್ದ. ಅದು ಎಲೆಯ ರಸ ಸೇರದ, ಬರೇ ಬೆಳ್ಳಿ ಉಪ್ಪಿನ ಗಟ್ಟಿ ನೀರು. ಹುಣ್ಣಿಗೆ ಬಿದ್ದರೆ ಮಾಂಸವನ್ನೇ ಸುಡುತ್ತದೆ. ಕೈಗೆ ತಾಗಿ ಬೆಳಕು ಬಿದ್ದರೆ ಕಪ್ಪು... ಸೋಪಿಗೂ ಹೋಗುವುದಿಲ್ಲ.

ಅವನ ಹಿಂದೆ ಬೆಂಚಿನ ಮೇಲೆ ಕುಂಜತ್ತೂರಿನ ಮುದುಕಿ ಪರಮೇಶ್ವರಿ ಕೂತಿದ್ದಳು. ಶುಗರ್ ಕಾಯಿಲೆ. ಎಡಗಾಲಲ್ಲಿ ಹುಣ್ಣು. ಎರಡು ಬೆರಳು ತೆಗೆಯದಿದ್ದರೆ ಕಾಲೇ ಹೋಗುತ್ತದೆ ಎಂದು ಮಂಗಳೂರಿನ ಡಾಕ್ಟರ್ ಹೇಳಿದ ದಿನವೇ ಆಸ್ಪತ್ರೆಯಿಂದ ಓಡಿ ಬಂದವಳು. ಬ್ಯಾಂಡೇಜ್ ಬಿಚ್ಚಿ ಕಾಯುತ್ತಿದ್ದಳು.

"ಅದು ಮದ್ದಲ್ಲ ಅಕ್ಕ. ಸುಡ್ತದೆ."

"ಬೆಳ್ಳಿ ಸುಡ್ತದಾ?" ಅವಳು ನಕ್ಕಳು. "ಹಾಗಾದ್ರೆ ಮಕ್ಕಳ ಸೊಂಟಕ್ಕೆ ಕಟ್ಟುವುದು ಎಂತಕ್ಕೆ? ನೀನು ಆ ಡಾಕ್ಟರನ ಕಡೆಯವಳಾ?"

ಮಾತು ಸಾಕು. ಮುದ್ದಣ್ಣನ ಮೊಣಕಾಲಿಗೆ ಒದ್ದೆ. ಕತ್ತಿ ಜಾರಿ ನನ್ನ ಗಲ್ಲ ಸೀಳಿತು. ಅವನು ನನ್ನನ್ನು ಔಷಧಿ ಕಪಾಟಿನ ಮೇಲೆ ದೂಡಿದ. ಗಾಜಿನ ರಾಶಿಯಿಂದ ನಾನು ಎದ್ದು ಬರುವಷ್ಟರಲ್ಲಿ ಬಾಟಲಿಯನ್ನೂ ಮುದುಕಿಯನ್ನೂ ತನ್ನ ರಿಕ್ಷಾದಲ್ಲಿ ಹಾಕಿಕೊಂಡು ಹೊರಟಿದ್ದ.

ಸ್ಕೂಟರ್ ಹತ್ತಿದೆ.

ನಮ್ಮ ಹೊಸ ಹೈವೇ ನೋಡಿದ್ದೀರಲ್ಲ? ಉದ್ದಕ್ಕೂ ಗೋಡೆ. ಸರ್ವಿಸ್ ರೋಡಿಗೆ ಇಳಿದವನು ಅಂಡರ್‌ಪಾಸಿನವರೆಗೆ ಎಲ್ಲಿಯೂ ತಿರುಗುವ ಹಾಗಿಲ್ಲ. ಅಲ್ಲಿ ಜಲ್ಲಿ ಲಾರಿಯೊಂದು ಅಡ್ಡ ಸಿಕ್ಕಿಕೊಂಡಿತ್ತು.

ರಿಕ್ಷಾ ನಿಂತಿತು. ಅವನು ಸೀಟಿನಿಂದ ಹಿಂದೆ ತಿರುಗಿದ. ಮುಚ್ಚಳ ತೆಗೆದ. ಮುದುಕಿ ಕಾಲು ಚಾಚಿದಳು!

ಸ್ಕೂಟರ್ ಅಲ್ಲೇ ಬಿಸಾಡಿ ರಿಕ್ಷಾಕ್ಕೂ ಗೋಡೆಗೂ ನಡುವೆ ನುಗ್ಗಿದೆ. ಬಾಟಲಿ ವಾಲಿತು. ಹುಣ್ಣಿಗೂ ಬಾಟಲಿಗೂ ನಡುವೆ ನನ್ನ ಅಂಗೈ ತೂರಿಸಿದೆ. ಗಾಜು ತರಚಿದ ಗಾಯಕ್ಕೆ ಆ ನೀರು ಬಿದ್ದಾಗ ಕಣ್ಣು ಕತ್ತಲೆ ಬಂತು. ಆದರೂ ಅವನ ಮಣಿಕಟ್ಟು ಕಚ್ಚಿದೆ. ಬಾಟಲಿ ರಸ್ತೆಗೆ ಬಿದ್ದು ಒಡೆಯಿತು.

ಅವನು ಮತ್ತೆ ಕತ್ತಿ ಎತ್ತಿದ. ಲಾರಿ ಡ್ರೈವರ್ ಜಾಕಿ ಲಿವರ್ ಹಿಡಿದು ಇಳಿದ. ಕತ್ತಿ ಕೆಳಗಾಯಿತು.

ಪರಮೇಶ್ವರಿ ಕೊಡೆಯಿಂದ ನನ್ನ ತಲೆಗೆ ಬಾರಿಸಿದಳು. "ನನ್ನ ಮದ್ದು ಚೆಲ್ಲಿದಿಯಲ್ಲ, ಹಾಳಾದವಳೇ."

ಮುದ್ದಣ್ಣನನ್ನು ಲಾರಿಯವನಿಗೆ ಒಪ್ಪಿಸಿ ಅದೇ ರಿಕ್ಷಾವನ್ನು ಬಂದ ದಾರಿಗೇ ತಿರುಗಿಸಿ ಮಂಗಳೂರಿಗೆ ಓಡಿಸಿದೆ. ಕೇರಳದ ರಿಕ್ಷಾ. ಗಡಿ ದಾಟಲು ಪರ್ಮಿಟ್ ಇಲ್ಲ. ದಾಟಿಸಿದೆ. ದಾರಿಯುದ್ದಕ್ಕೂ ಅವಳು ನನ್ನ ಅಪ್ಪನಿಂದ ಹಿಡಿದು ಬೈದಳು.

ಡಾಕ್ಟರ್ ಎರಡು ಬೆರಳು ತೆಗೆದರು. ಕಾಲು ಉಳಿಯಿತು.

ಅವಳ ಲೆಕ್ಕದಲ್ಲಿ ಆ ಬೆರಳು ಕತ್ತರಿಸಿದವಳು ನಾನು. ಕುಂಜತ್ತೂರು ಬಸ್‌ಸ್ಟಾಪಿನಲ್ಲಿ ನನ್ನನ್ನು ಕಂಡರೆ ರಸ್ತೆ ದಾಟಿ ಬಂದು ಕಾಲ ಬುಡಕ್ಕೆ ಉಗುಳುತ್ತಾಳೆ.

ಉಗುಳಲಿ. ನಡೆದುಕೊಂಡೇ ಬರುತ್ತಾಳಲ್ಲ!